ಶಾಲೆಯಲ್ಲಿ ಯಾರಿಗೆ ಮಣೆ?

ಕುಟುಂಬಕ್ಕೊಂದು ಅಧ್ಯಯನ ಪಾಠ
ಮೊದಲು ಓದಿಕೊಳ್ಳಿ: ಯಕೋಬ 2:1–9, ಲೂಕ 14:12–14



ಸಂತ ಯಕೋಬರು ತಮ್ಮ ಪತ್ರದ ಎರಡನೇ ಅಧ್ಯಾಯದಲ್ಲಿ ಒಂದು ಸಭೆಯ ಚಿತ್ರವನ್ನು ನಮ್ಮ ಮುಂದಿಡುತ್ತಾರೆ. ವಿಶ್ವಾಸಿಗಳು ಪ್ರಾರ್ಥನೆಗೆ ಕೂಡಿದ್ದಾರೆ. ಚಿನ್ನದ ಉಂಗುರ ತೊಟ್ಟು ಬೆಲೆಬಾಳುವ ಉಡುಪು ಧರಿಸಿದ ಒಬ್ಬರು ಬರುತ್ತಾರೆ. ಅವರ ಹಿಂದೆಯೇ ಮಾಸಿದ ಬಟ್ಟೆಯ ಬಡವನೊಬ್ಬ ಬರುತ್ತಾನೆ. ಮೊದಲನೆಯವರಿಗೆ ಒಳ್ಳೆಯ ಜಾಗ ಸಿಗುತ್ತದೆ. ಎರಡನೆಯವನಿಗೆ ಅಲ್ಲೇ ನಿಲ್ಲಲು ಹೇಳುತ್ತಾರೆ, ಇಲ್ಲವೇ ಕಾಲ ಬಳಿಯ ನೆಲ ತೋರಿಸುತ್ತಾರೆ. ಅಲ್ಲಿ ಯಾರೂ ಯಾರನ್ನೂ ಬೈದಿಲ್ಲ, ಹೊಡೆದಿಲ್ಲ. ಕುಳಿತುಕೊಳ್ಳುವ ಜಾಗವನ್ನು ಹಂಚಿದ್ದಾರೆ, ಅಷ್ಟೇ. ಆದರೂ ಯಕೋಬರು ಅದನ್ನು ಪಕ್ಷಪಾತವೆನ್ನುತ್ತಾರೆ, ಪಾಪವೆಂದೇ ಕರೆಯುತ್ತಾರೆ.

ಯಾರಿಗಾದರೂ ವಿಶೇಷ ಮರ್ಯಾದೆ ಕೊಟ್ಟರೆ 'ಅವರಿಗೆ ಮಣೆ ಹಾಕಿದರು' ಎಂದು ನಾವು ಹೇಳುವುದುಂಟು. ಇಂದಿನ ಕಾಲದಲ್ಲಿ ಮಣೆಯ ಮಾತು ಹೆಚ್ಚಾಗಿ ಕೇಳಿಬರುವುದು ಊಟದ ಪಂಕ್ತಿಯಲ್ಲಲ್ಲ, ಶಾಲೆಯ ದಾಖಲಾತಿಯ ದಿನಗಳಲ್ಲಿ. 'ಸೀಟು ಸಿಕ್ಕಿತೇ?' ಎಂಬುದು ಮೇ ತಿಂಗಳಲ್ಲಿ ಪ್ರತಿ ಮನೆಯ ಪ್ರಶ್ನೆ. ಆದ್ದರಿಂದ ಸಂತ ಯಕೋಬರ ಪ್ರಶ್ನೆಯನ್ನು ಈ ವಾರ ದೇವಾಲಯದ ಮಗ್ಗುಲಲ್ಲೇ ಇರುವ ಶಾಲೆಯ ವಿಷಯದಲ್ಲಿ ಕೇಳಿಕೊಳ್ಳೋಣ. ಶಾಲೆ ಬಡವ ಬಲ್ಲಿದರ ನಡುವಿನ ಅಂತರವನ್ನು ತಗ್ಗಿಸುತ್ತದೆಯೇ? ಅಥವಾ ಇರುವ ಅಂತರವನ್ನೇ ಮುಂದಿನ ತಲೆಮಾರಿಗೆ ದಾಟಿಸುತ್ತದೆಯೇ? ಸಮಾಜ ವಿಜ್ಞಾನಿಗಳು ಈ ಬಗ್ಗೆ ಬಹಳ ಅಧ್ಯಯನ ಮಾಡಿದ್ದಾರೆ. ಅವರು ಕಂಡದ್ದನ್ನು ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳಿಗೆ ಹೊಂದಿಸಿ ನೋಡಿ, ಬಳಿಕ ಧರ್ಮಸಭೆಯ ಬೋಧನೆಗೆ ಬರೋಣ.

1. ಒಂದೇ ಗುಡ್ಡ, ಎರಡು ಬದುಕು

ಬಾಬಾ ಬುಡನರು 17ನೇ ಶತಮಾನದಲ್ಲಿ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಮಕ್ಕಳಿಗೂ ಗೊತ್ತು. 19ನೇ ಶತಮಾನದಲ್ಲಿ ಆಂಗ್ಲ ತೋಟಗಾರರು ದೊಡ್ಡ ಎಸ್ಟೇಟುಗಳನ್ನು ಮಾಡಿದರು. ಕೆಲಸಕ್ಕೆ ಜನ ಬೇಕಾಯಿತು. ಘಟ್ಟದ ಕೆಳಗಿನ ತುಳುನಾಡಿನಿಂದಲೂ ತಮಿಳು ನಾಡಿನಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತಂದರು. ಕರಾವಳಿಯಿಂದ ಘಟ್ಟ ಹತ್ತಿದ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಕೆಲವರು ರೈಟರುಗಳಾದರು, ಕೆಲವರು ಸ್ವಂತ ತೋಟ ಮಾಡಿಕೊಂಡರು, ಕೆಲವರು ಕೂಲಿಯವರಾಗಿಯೇ ಉಳಿದರು. 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾದಾಗ ಮಾಲೀಕ, ರೈಟರ್, ಆಳು ಮೂವರೂ ಅದರ ಮಕ್ಕಳಾಗಿದ್ದರು. ಬಲಿಪೀಠದ ಮುಂದೆ ಮೂವರೂ ಒಂದೇ ಪರಮಪ್ರಸಾದವನ್ನು ಸ್ವೀಕರಿಸುತ್ತಾರೆ. ಹೊರಗೆ ಬಂದ ಮೇಲೆ ಒಬ್ಬರ ದಾರಿ ಬಂಗಲೆಗೆ, ಇನ್ನೊಬ್ಬರದು ಲೈನುಮನೆಗೆ.

ಈ ಅಂತರ ಕೇವಲ ದುಡಿಮೆಯ ವ್ಯತ್ಯಾಸದಿಂದ ಬಂದದ್ದಲ್ಲ. ಕಾನೂನಿಗೂ ಇದರಲ್ಲಿ ಪಾತ್ರವಿದೆ. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯ ಮೂಲಕ, ಗೇಣಿದಾರರಿಗೆ ಭೂಮಿಯ ಹಕ್ಕು ಬಂತು. ಫಾರಂ ನಂಬರ್ 7 ತುಂಬಿದ ಅನೇಕ ಗೇಣಿ ಕುಟುಂಬಗಳು ಗದ್ದೆಯ ಒಡೆಯರಾದವು; ಆ ಮನೆಗಳ ಮಕ್ಕಳು ಓದಿ ಮೇಲೆ ಬಂದರು. ಆದರೆ ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳನ್ನು ಭೂಮಿತಿಯಿಂದ ಹೊರಗಿಡಲಾಯಿತು. ತೋಟದ ಆಳು ಗೇಣಿದಾರನೂ ಆಗಿರಲಿಲ್ಲ. ಆದ್ದರಿಂದ ಗದ್ದೆಬಯಲಿಗೆ ಬಂದ ಬದಲಾವಣೆ ಗುಡ್ಡದ ಲೈನಿಗೆ ಬರಲಿಲ್ಲ. ಅಲ್ಲಿರುವವರಿಗೆ ಕೆಲಸವಿದ್ದರೆ ಮನೆ, ಕೆಲಸ ಬಿಟ್ಟರೆ ಮನೆಯೂ ಇಲ್ಲ. 

ಅವರಿಗಾಗಿ ಬೇರೊಂದು ಕಾನೂನಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆಯು ವಸತಿ, ವೈದ್ಯಕೀಯ ನೆರವು, ಶಿಶುವಿಹಾರಗಳ ಬಗ್ಗೆ ಹೇಳಿತು. 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿರುವ ತೋಟದಲ್ಲಿ ಶಿಕ್ಷಣದ ಏರ್ಪಾಡನ್ನು ಮಾಲೀಕರೇ ಮಾಡಬೇಕೆಂದು ನಿಯಮ ರಚಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯ್ದೆ ಲೀನವಾದರೂ ಈ ಸೌಲಭ್ಯಗಳ ಮಾತು ಉಳಿದಿದೆ. ಆದರೆ ಈ ಸೌಲಭ್ಯಗಳು ತೋಟದಲ್ಲೇ ವಾಸಿಸುವ ಕಾಯಂ ಆಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಇಂದು ಬೆಳಿಗ್ಗೆ ಪಿಕಪ್ ವಾಹನದಲ್ಲಿ ಬಂದು ಸಂಜೆ ಹೋಗುವವರು, ಅಸ್ಸಾಮಿನಿಂದಲೂ ಇತರ ದೂರದ ರಾಜ್ಯಗಳಿಂದಲೂ ಗುತ್ತಿಗೆದಾರರ ಮೂಲಕ ಬಂದು ಕೆಲವು ತಿಂಗಳು ದುಡಿದು ಮುಂದಿನ ತೋಟಕ್ಕೆ ಹೋಗುವವರು ಹೆಚ್ಚಾಗಿದ್ದಾರೆ. ಅಂಥವರ ಮಗುವಿನ ಹೆಸರು ಯಾವ ಹಾಜರಿ ಪುಸ್ತಕದಲ್ಲಿರುತ್ತದೆ?

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ನಮ್ಮ ಬೆಳೆಗಾರರಲ್ಲಿ ಬಹುಪಾಲು ಜನ ಕೆಲವೇ ಎಕರೆಯ ಸಣ್ಣ ಹಿಡುವಳಿದಾರರು. 1990ರ ದಶಕದ ಕೊನೆಯಿಂದ ಕೆಲವು ವರ್ಷ ಬೆಲೆ ಕುಸಿದಾಗ ಅವರು ಪಟ್ಟ ಪಾಡನ್ನು ಮರೆಯುವಂತಿಲ್ಲ. 2024–25ರಲ್ಲಿ ಬೆಲೆ ದಾಖಲೆಯ ಮಟ್ಟಕ್ಕೆ ಏರಿದಾಗ ಅವರು ಉಸಿರಾಡಿದ್ದು ಸಹಜ. ಯಾರನ್ನೂ ದೂರುವುದು ಈ ಪಾಠದ ಉದ್ದೇಶವಲ್ಲ. ಬೆಲೆ ಇಳಿದಾಗ ಮೊದಲು ಕೆಲಸ ಕಳೆದುಕೊಳ್ಳುವವನು, ಬೆಲೆ ಏರಿದಾಗ ಕೊನೆಗೆ ಅದರ ರುಚಿ ಕಾಣುವವನು ಯಾರು ಎಂಬುದನ್ನು ಗಮನಿಸೋಣ.

2. ಮನೆಯಿಂದ ಶಾಲೆಗೆ ಬರುವ ಆಸ್ತಿ

1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರು ಸುಮಾರು 6 ಲಕ್ಷ ವಿದ್ಯಾರ್ಥಿಗಳ ಬಗ್ಗೆ ಮಾಹಿತಿ ಕಲೆಹಾಕಿ ಒಂದು ವರದಿ ಕೊಟ್ಟರು. ಕಟ್ಟಡ, ಪ್ರಯೋಗಾಲಯ, ಗ್ರಂಥಾಲಯಗಳನ್ನು ಸರಿಗಟ್ಟಿಸಿದರೆ ಕಲಿಕೆಯೂ ಸರಿಗಟ್ಟುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲವದು. ವರದಿ ಬೇರೆಯದನ್ನೇ ಹೇಳಿತು. ಮಗು ಎಷ್ಟು ಕಲಿಯುತ್ತದೆ ಎಂಬುದರ ಮೇಲೆ ಶಾಲೆಯ ಸಲಕರಣೆಗಿಂತ ಹೆಚ್ಚಿನ ಪ್ರಭಾವ ಮನೆಯ ಸ್ಥಿತಿಗತಿಗಿದೆ. ಜೊತೆಯಲ್ಲಿ ಕೂತು ಓದುವ ಮಕ್ಕಳು ಯಾವ ಮನೆಯವರು ಎಂಬುದೂ ಕಲಿಕೆಯನ್ನು ಮುಟ್ಟುತ್ತದೆ.

ಫ್ರಾನ್ಸಿನ ಪಿಯರ್ ಬೋರ್ದ್ಯೂ ಇದನ್ನು ಇನ್ನಷ್ಟು ಬಿಡಿಸಿ ತೋರಿಸಿದರು. ಆಸ್ತಿ ಎಂದರೆ ಹಣ, ಜಮೀನು ಮಾತ್ರವಲ್ಲ. ಮನೆಯಲ್ಲಿ ಆಡುವ ಭಾಷೆ, ಕಪಾಟಿನ ಪುಸ್ತಕ, ದೊಡ್ಡವರೊಡನೆ ಮಾತಾಡುವ ಧೈರ್ಯ, ಯಾವ ಅರ್ಜಿಯನ್ನು ಎಲ್ಲಿ ಕೊಡಬೇಕೆಂಬ ತಿಳಿವಳಿಕೆ ಇವೂ ಆಸ್ತಿಯೇ. ಅದನ್ನು ಅವರು ಸಾಂಸ್ಕೃತಿಕ ಬಂಡವಾಳ ಎಂದು ಕರೆದರು. ಈ ಬಂಡವಾಳವಿರುವ ಮಗು ಶಾಲೆಗೆ ಬಂದಾಗ ಶಾಲೆ ಅದಕ್ಕೆ ಅಂಕ ಕೊಡುತ್ತದೆ, ಅಂಕಕ್ಕೆ 'ಪ್ರತಿಭೆ' ಎಂದು ಹೆಸರಿಡುತ್ತದೆ. ಬಂಡವಾಳವಿಲ್ಲದ ಮಗು ಹಿಂದೆ ಬೀಳುತ್ತದೆ. ತಾನು ದಡ್ಡ ಎಂದು ಅದೇ ನಂಬಿಬಿಡುತ್ತದೆ. ತಂದೆತಾಯಿಯೂ 'ಇವನಿಗೆ ಓದು ತಲೆಗೆ ಹತ್ತೋದಿಲ್ಲ' ಎನ್ನುತ್ತಾರೆ.

ನಮ್ಮ ಗುಡ್ಡಗಳಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಗುತ್ತದೆ. ಕೊಟ್ಟಿಗೆಹಾರ, ಕಳಸದ ಕಡೆಯ ಜುಲೈ ಮಳೆ ಏನೆಂದು ನಮಗೆ ಗೊತ್ತು. ಹಳ್ಳ ತುಂಬಿದರೆ ಗುಡ್ಡದ ಮೇಲಿನ ಮಗು ಶಾಲೆಗೆ ಬರಲಾರದು. ನವೆಂಬರಿನಿಂದ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ. ಫೆಬ್ರವರಿಯವರೆಗೆ ಕೆಲಸವೇ ಕೆಲಸ. ಕಿಲೋ ಲೆಕ್ಕದಲ್ಲಿ ಹಣ್ಣು ಕುಯ್ಯುವ ದಿನಗಳವು. ತಾಯಿ ಬೆಳಕು ಹರಿಯುವ ಮೊದಲೇ ಹೊರಟರೆ ಕೈಕೂಸನ್ನು ನೋಡಿಕೊಳ್ಳುವವರು ಯಾರು? ಐದನೆಯ, ಆರನೆಯ ತರಗತಿಯ ಅಕ್ಕ. ಇದು ಪಾಠಗಳು ಮುಗಿಯುವ ಹೊತ್ತು, ಪರೀಕ್ಷೆಗೆ ತಯಾರಾಗುವ ಹೊತ್ತು. ಮಾರ್ಚಿನಲ್ಲಿ ಪರೀಕ್ಷೆ. ಅದೇ ತಿಂಗಳುಗಳಲ್ಲಿ ಪೇಟೆಯ ಮಗು ಮನೆಪಾಠಕ್ಕೆ ಹೋಗುತ್ತದೆ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಬರುತ್ತದೆ. ಪರೀಕ್ಷೆ ಪಕ್ಷಪಾತ ಮಾಡಲಿಲ್ಲ. ವರ್ಷವೇ ಪಕ್ಷಪಾತ ಮಾಡಿ ಮುಗಿಸಿತ್ತು.

2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 79, ರಾಜ್ಯದ್ದು ಶೇ. 75. ಇದು ಹೆಮ್ಮೆಯ ಸಂಗತಿಯೇ. ಆದರೆ ಸರಾಸರಿಯಲ್ಲಿ ಬಂಗಲೆ, ಲೈನು ಎರಡೂ ಕಲಸಿಹೋಗುತ್ತವೆ. ಯಾವ ಮನೆಯ ಮಗು ಎಷ್ಟನೆಯ ತರಗತಿಗೆ ನಿಂತಿತು ಎಂಬುದನ್ನು ತಿಳಿಯಬೇಕಾದರೆ ಅಂಕಿಯನ್ನು ಬಿಟ್ಟು ಮನೆಗಳ ಬಾಗಿಲಿಗೇ ಹೋಗಬೇಕು.

ಶಾಲೆಗೆ ಕಾಣದ ಜ್ಞಾನವೂ ಇದೆ ಎಂಬುದನ್ನು ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು 'ಕರ್ವಾಲೊ' ಕಾದಂಬರಿಯಲ್ಲಿ ಸೊಗಸಾಗಿ ತೋರಿಸಿದ್ದಾರೆ. ನಮ್ಮವರದೇ ಹೆಸರುಳ್ಳ ಆ ವಿಜ್ಞಾನಿಗೆ ಹಾರುವ ಓತಿಯ ಸುಳಿವು ಕೊಟ್ಟವನು ಡಿಗ್ರಿ ಪಡೆದವನಲ್ಲ, ಊರಿನವರು ಪೆದ್ದನೆಂದು ತಿಳಿದಿದ್ದ ಜೇನು ಹಿಡಿಯುವ ಮಂದಣ್ಣ. ಕರ್ವಾಲೊ ಅವನಲ್ಲಿ ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ಕಂಡರು. ಲೈನುಮನೆಯ ಮಗುವಿಗೂ ಎಷ್ಟೋ ಗೊತ್ತು. ಯಾವ ಗಿಡದ ನೆರಳು ಒಳ್ಳೆಯದು, ಮೋಡ ಯಾವ ಕಡೆ ಕಟ್ಟಿದರೆ ಮಳೆ, ಒಂದು ಚೀಲ ಹಣ್ಣಿಗೆ ಎಷ್ಟು ಬುಟ್ಟಿ. ಅದನ್ನು ಗುರುತಿಸುವ ಕಣ್ಣು ಶಿಕ್ಷಕರಿಗೆ ಇದ್ದರೆ ಲೆಕ್ಕವನ್ನೂ ವಿಜ್ಞಾನವನ್ನೂ ಅಲ್ಲಿಂದಲೇ ಆರಂಭಿಸಬಹುದು.

3. ಬಿಟ್ಟು ಹೋಗುವವರು, ಉಳಿಯುವವರು

ಇನ್ನು ನಮ್ಮ ಊರಿನ ಸರ್ಕಾರಿ ಕನ್ನಡ ಶಾಲೆಯ ಕಡೆ ತಿರುಗೋಣ. ಹಿಂದೆ ಮಾಲೀಕರ ಮಗ, ರೈಟರ ಮಗಳು, ಆಳಿನ ಮಗು ಒಂದೇ ಚಾಪೆಯ ಮೇಲೆ ಕುಳಿತ ಶಾಲೆಗಳು ಎಷ್ಟೋ ಇದ್ದವು. ಇಂದು ಬೆಳಿಗ್ಗೆ ಏಳೂವರೆಗೆ ಹಳದಿ ಬಸ್ಸು ಬರುತ್ತದೆ. ಅನುಕೂಲವಿರುವ ಮನೆಯ ಮಕ್ಕಳು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುತ್ತಾರೆ. ಬಸ್ಸಿನ ಹಣ ಕೊಡಲಾಗದವರು ಉಳಿಯುತ್ತಾರೆ. ಮಕ್ಕಳ ಸಂಖ್ಯೆ ಇಳಿಯುತ್ತದೆ, ಶಿಕ್ಷಕರ ಹುದ್ದೆ ಹೋಗುತ್ತದೆ, ಒಬ್ಬರೇ ಶಿಕ್ಷಕರು ಎಲ್ಲ ತರಗತಿಗೂ ಪಾಠ ಮಾಡಬೇಕಾಗುತ್ತದೆ. ಒಂದು ದಿನ ಬೀಗ ಬೀಳುತ್ತದೆ.

ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಬರೆದ ಪುಸ್ತಕವೊಂದರಲ್ಲಿ ಇದರ ಒಳಗುಟ್ಟನ್ನು ವಿವರಿಸಿದರು. ಒಂದು ಸಂಸ್ಥೆ ಕೆಡಲು ತೊಡಗಿದಾಗ ಅದನ್ನು ಬಳಸುವವರಿಗೆ ಎರಡು ದಾರಿಗಳಿವೆ. ಒಂದು, ಬಿಟ್ಟು ಹೋಗುವುದು. ಇನ್ನೊಂದು, ಅಲ್ಲೇ ಇದ್ದು ದನಿ ಎತ್ತಿ ಸರಿಪಡಿಸುವುದು. ಮೊದಲು ಬಿಟ್ಟು ಹೋಗುವವರು ಹೆಚ್ಚಾಗಿ ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿಯುಳ್ಳವರು, ದನಿ ಎತ್ತಲು ಬಲ್ಲವರು. ಅವರು ಹೋದ ಮೇಲೆ ಉಳಿದವರ ದನಿಗೆ ಬಲವಿರುವುದಿಲ್ಲ. ಸಂಸ್ಥೆ ಇನ್ನಷ್ಟು ಕೆಡುತ್ತದೆ.

ನಮ್ಮ ಊರುಗಳಲ್ಲಿ ನಡೆದದ್ದು ಇದೇ ಅಲ್ಲವೇ? ಶಾಸಕರಿಗೆ ಅರ್ಜಿ ಬರೆಯಬಲ್ಲವರು, ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಕುರ್ಚಿ ಸಿಗುವವರು, ಪತ್ರಿಕೆಗೆ ಫೋನು ಮಾಡುವವರು ತಮ್ಮ ಮಕ್ಕಳನ್ನು ಬಸ್ಸು ಹತ್ತಿಸಿದರು. ತಮ್ಮ ಮಗುವಿಗೆ ಒಳ್ಳೆಯದನ್ನು ಬಯಸಿದ್ದರಲ್ಲಿ ತಪ್ಪಿಲ್ಲ. ಅದು ತಂದೆತಾಯಿಯ ಕರ್ತವ್ಯ. ಆದರೆ ಒಂದೊಂದು ಮನೆಯ ಸರಿಯಾದ ನಿರ್ಧಾರಗಳು ಒಟ್ಟುಗೂಡಿ ಊರಿನ ಬಡ ಮಕ್ಕಳಿಗೆ ಏನು ಮಾಡಿದವು ಎಂಬುದನ್ನು ನೋಡದೆ ಇರುವುದು ವಿಶ್ವಾಸಿಗೆ ಒಪ್ಪುವ ಮಾತಲ್ಲ. ನಮ್ಮ ಮಗು ಬೇರೆ ಶಾಲೆಯಲ್ಲಿದ್ದರೂ ನಮ್ಮ ದನಿ ಊರಿನ ಶಾಲೆಗಾಗಿ ಉಳಿಯಬಹುದು.

4. ಮತ ಮತ್ತು ಮಾತು

ದನಿಯ ವಿಷಯ ಬಂದ ಮೇಲೆ ರಾಜಕೀಯದ ಮಾತನ್ನೂ ಆಡಬೇಕು. 1949ರ ನವೆಂಬರ್ 25ರಂದು ಡಾ. ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಒಂದು ಎಚ್ಚರಿಕೆ ನೀಡಿದರು. ಇನ್ನು ಮುಂದೆ ರಾಜಕೀಯದಲ್ಲಿ ಎಲ್ಲರೂ ಸಮಾನರು, ಪ್ರತಿಯೊಬ್ಬರ ಮತಕ್ಕೂ ಒಂದೇ ಬೆಲೆ. ಆದರೆ ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಮುಂದುವರಿಯಲಿದೆ. ಈ ವಿರೋಧಾಭಾಸವನ್ನು ಬೇಗ ಹೋಗಲಾಡಿಸದಿದ್ದರೆ ಪ್ರಜಾಪ್ರಭುತ್ವವೇ ಅಪಾಯಕ್ಕೆ ಸಿಲುಕುತ್ತದೆ ಎಂಬುದು ಅವರ ಮಾತಿನ ಸಾರ.

ಇದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತಾಗ ದೇಶವೆಲ್ಲ ಇತ್ತ ನೋಡುತ್ತಿತ್ತು. ಅವರು ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ದಿನ ತೋಟದ ಆಳಿನ ಮತಕ್ಕೂ ಮಾಲೀಕರ ಮತಕ್ಕೂ ಒಂದೇ ತೂಕ. ಕ್ಷೇತ್ರದ ಹೆಸರು ಪ್ರಪಂಚಕ್ಕೆಲ್ಲ ಪರಿಚಯವಾಯಿತು. ಮತಯಂತ್ರವಿಲ್ಲದ ಆ ಕಾಲದಲ್ಲಿ ಚಿಹ್ನೆಯ ಮುಂದೆ ಮುದ್ರೆಯೊತ್ತಿ ಬಂದವರು ಮರುದಿನ ಬೆಳಿಗ್ಗೆ ಎಂದಿನಂತೆ ಹಾಜರಿಗೆ ನಿಂತರು.

ಅಕ್ಷರ ಬಾರದವರಿಗೂ ಮತ ಕೊಟ್ಟದ್ದು ಭಾರತದ ದೊಡ್ಡತನ. 1951ರಲ್ಲಿ ದೇಶದ ಸಾಕ್ಷರತೆ ಶೇ. 18ರಷ್ಟೇ ಇತ್ತು. ನಮ್ಮ ಕಾಫಿಯ ಬೆಲೆಯನ್ನು ಏರಿಸುವ ಇಳಿಸುವ ಬ್ರೆಜಿಲಿನಲ್ಲಿ ಹಾಗಿರಲಿಲ್ಲ. ಅಲ್ಲಿ ಓದುಬರಹ ಬಾರದವರಿಗೆ 1985ರವರೆಗೂ ಮತದ ಹಕ್ಕು ಇರಲಿಲ್ಲ. ಆ ದೇಶದ ಕಥೋಲಿಕ ಶಿಕ್ಷಣತಜ್ಞ ಪೌಲೋ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಬಡ ಊರಿನಲ್ಲಿ ಸುಮಾರು 300 ಮಂದಿ ದುಡಿಯುವ ಜನರಿಗೆ ಕೆಲವೇ ವಾರಗಳಲ್ಲಿ ಅಕ್ಷರ ಕಲಿಸಿದರು. ಅವರು ಪಾಠವನ್ನು ವರ್ಣಮಾಲೆಯಿಂದ ಆರಂಭಿಸಲಿಲ್ಲ. ಜನ ದಿನವೂ ಆಡುವ, ಅವರ ಕಷ್ಟಸುಖ ಅಡಗಿರುವ ಮಾತುಗಳನ್ನು ಆರಿಸಿ, ಅವುಗಳ ಬಗ್ಗೆ ಚರ್ಚಿಸಿ, ಆಮೇಲೆ ಬರೆಯಿಸಿದರು. ನಮ್ಮಲ್ಲಾದರೆ ಆ ಮಾತುಗಳು ಹಾಜರಿ, ಬಟವಾಡೆ, ಮುಂಗಡ, ಲೈನು ಎಂದಾಗುತ್ತಿದ್ದವು. ಓದು ಬಂದವನು ಮತದಾರನಾಗುತ್ತಾನೆಂಬ ಭಯ ಅಲ್ಲಿನ ಬಲಿಷ್ಠರಿಗಿತ್ತು. 1964ರಲ್ಲಿ ಸೈನ್ಯ ಅಧಿಕಾರ ಹಿಡಿದಾಗ ಫ್ರೇರೆ ಸೆರೆಮನೆ ಸೇರಿ, ಬಳಿಕ ದೇಶ ಬಿಡಬೇಕಾಯಿತು.

ನಮಗೆ ಮತ ಮೊದಲು ಬಂತು, ಶಾಲೆಯ ಹಕ್ಕು ತಡವಾಗಿ ಬಂತು. ಶಿಕ್ಷಣ ಮೂಲಭೂತ ಹಕ್ಕೆಂದು ಸಂವಿಧಾನದಲ್ಲಿ ಸೇರಿದ್ದು 2002ರ ತಿದ್ದುಪಡಿಯಿಂದ. ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಮತ ಐದು ವರ್ಷಕ್ಕೊಮ್ಮೆ ಕೇಳುವ ದನಿ. ಪಂಚಾಯಿತಿಯಲ್ಲಿ, ಶಾಲೆಯ ಸಭೆಯಲ್ಲಿ, ಕೂಲಿಯ ಲೆಕ್ಕದಲ್ಲಿ ದಿನದಿನವೂ ಮಾತಾಡಲು ಓದು ಬೇಕು. ಹೊರರಾಜ್ಯದಿಂದ ಬಂದ ಕಾರ್ಮಿಕನ ಪಾಡು ಇನ್ನೂ ಕಷ್ಟ. ಅವನ ಮತ ಹೆಚ್ಚಾಗಿ ಅವನೂರಿನಲ್ಲೇ ಇರುತ್ತದೆ, ಅವನ ಮಗು ಇಲ್ಲಿದೆ. ಆ ಮಗುವಿಗಾಗಿ ಇಲ್ಲಿ ಯಾವ ಅಭ್ಯರ್ಥಿಯೂ ಮಾತಾಡಬೇಕಾಗಿಲ್ಲ.

5. ಧರ್ಮಸಭೆಯ ಬೋಧನೆ ಮತ್ತು ನಮ್ಮ ಶಾಲೆಗಳು

ಜಗದ್ಗುರು ಹದಿಮೂರನೇ ಲಿಯೋರವರು 1891ರಲ್ಲಿ 'ರೇರುಂ ನೊವಾರುಂ' ವಿಶ್ವಪತ್ರದ ಮೂಲಕ ಕಾರ್ಮಿಕನ ನ್ಯಾಯವಾದ ಕೂಲಿಯ ಪರವಾಗಿ ಮಾತಾಡಿದರು. ಅದರ ನೂರನೇ ವರ್ಷದಲ್ಲಿ, 1991ರಲ್ಲಿ, ಜಗದ್ಗುರು ಎರಡನೇ ಜಾನ್ ಪೌಲರು 'ಚೆಂತೇಸಿಮುಸ್ ಆನ್ನುಸ್' ಪತ್ರದಲ್ಲಿ ಒಂದು ಹೊಸ ವಿಷಯವನ್ನು ಸೇರಿಸಿದರು. ಒಂದು ಕಾಲದಲ್ಲಿ ಭೂಮಿಯೇ ಸಂಪತ್ತಾಗಿತ್ತು, ಆಮೇಲೆ ಬಂಡವಾಳ ಸಂಪತ್ತಾಯಿತು, ಈಗ ಜ್ಞಾನ ಮತ್ತು ಕೌಶಲವೇ ಸಂಪತ್ತಾಗುತ್ತಿದೆ. ಅದನ್ನು ಪಡೆಯುವ ದಾರಿಯಿಲ್ಲದೆ ಅಸಂಖ್ಯಾತ ಜನ ಅಂಚಿಗೆ ತಳ್ಳಲ್ಪಡುತ್ತಿದ್ದಾರೆ ಎಂದು ಅವರು ಬೋಧಿಸಿದರು. ಭೂಮಿ ಹಂಚಿಕೆಯಲ್ಲಿ ಹೊರಗುಳಿದ ಲೈನುಮನೆ ಜ್ಞಾನದ ಹಂಚಿಕೆಯಲ್ಲೂ ಹೊರಗುಳಿದರೆ ಅದಕ್ಕೆ ಮೂರನೆಯ ಅವಕಾಶ ಎಲ್ಲಿದೆ?

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಹಣದಲ್ಲಿ ಬಡವರಾದವರು, ಕುಟುಂಬದ ಆಸರೆಯಿಲ್ಲದವರು, ವಿಶ್ವಾಸದಿಂದ ದೂರವಿರುವವರು ಇವರೆಲ್ಲರ ಬಗ್ಗೆ ಕಥೋಲಿಕ ಶಾಲೆ ವಿಶೇಷ ಕಾಳಜಿ ವಹಿಸಬೇಕೆಂದು ಕೇಳಿಕೊಂಡಿತು. ನಮ್ಮ ಧರ್ಮಭಗಿನಿಯರೂ ಗುರುಗಳೂ ಬೋರ್ಡಿಂಗುಗಳನ್ನು ನಡೆಸಿ ಎಷ್ಟೋ ಬಡ ಮಕ್ಕಳನ್ನು ಮೇಲೆತ್ತಿದ್ದಾರೆ. ಅವರ ತ್ಯಾಗವನ್ನು ಕೃತಜ್ಞತೆಯಿಂದ ನೆನೆಯೋಣ. ಆದರೆ ಇಂದಿನ ಪ್ರಶ್ನೆಯನ್ನು ಹಿಂದಿನ ಸೇವೆಯಿಂದ ಉತ್ತರಿಸಲಾಗದು.

ಶಿಕ್ಷಣ ಹಕ್ಕಿನ ಕಾಯ್ದೆಯು ಅನುದಾನರಹಿತ ಖಾಸಗಿ ಶಾಲೆಗಳು ಒಂದನೇ ತರಗತಿಯಲ್ಲಿ ಕನಿಷ್ಠ ಶೇ. 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದಿತು. 2012ರಲ್ಲಿ ಸುಪ್ರೀಂ ಕೋರ್ಟು ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೆ ವಿನಾಯಿತಿ ನೀಡಿತು. 2014ರ ಮೇ 6ರಂದು ಐವರು ನ್ಯಾಯಾಧೀಶರ ಪೀಠವು ಅನುದಾನಿತವಿರಲಿ, ಇಲ್ಲದಿರಲಿ, ಯಾವ ಅಲ್ಪಸಂಖ್ಯಾತ ಶಾಲೆಗೂ ಈ ಕಾಯ್ದೆ ಅನ್ವಯಿಸದೆಂದು ತೀರ್ಪಿತ್ತಿತು. 2025ರಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ಅದನ್ನು ಪರಿಶೀಲಿಸಬೇಕೆಂದು ಅಭಿಪ್ರಾಯಪಟ್ಟಿತು.

ಅಲ್ಪಸಂಖ್ಯಾತರು ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಹಕ್ಕು ಸಂವಿಧಾನದ 30ನೇ ವಿಧಿ ಕೊಟ್ಟದ್ದು. ಅದನ್ನು ಕಾಪಾಡಿಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಹಕ್ಕನ್ನು ಯಾವುದಕ್ಕಾಗಿ ಕೇಳುತ್ತೇವೆ ಎಂಬುದು ಮುಖ್ಯ. ನಮ್ಮ ಶಾಲೆ ನಮ್ಮ ವಿಶ್ವಾಸಕ್ಕೆ ತಕ್ಕಂತೆ ನಡೆಯಬೇಕೆಂದು ತಾನೇ? ಹಾಗಾದರೆ ಕಾನೂನು ಬೇಡುವ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚನ್ನು ಶುಭಸಂದೇಶ ಬೇಡುತ್ತದೆ. ಔತಣಕ್ಕೆ ಯಾರನ್ನು ಕರೆಯಬೇಕೆಂದು ಪ್ರಭು ಯೇಸು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಹೇಳಿದ್ದಾರೆ. ಮರಳಿ ಕರೆಯಲು ಶಕ್ತಿಯಿಲ್ಲದವರನ್ನು ಕರೆಯಿರಿ ಎಂಬುದು ಅವರ ಆಜ್ಞೆ. ಶುಲ್ಕ ಕಟ್ಟಲಾರದ ತೋಟದ ಆಳಿನ ಮಗು ಅಂಥ ಅತಿಥಿ. ಆ ಮಗು ಕ್ರೈಸ್ತನೋ ಅಲ್ಲವೋ ಎಂಬುದು ಆಮೇಲಿನ ಪ್ರಶ್ನೆ. ಶಿಕ್ಷಕರ ಸಂಬಳ, ಕಟ್ಟಡದ ಖರ್ಚು ಇದ್ದೇ ಇದೆ, ಶಾಲೆ ಗಾಳಿಯಲ್ಲಿ ನಡೆಯುವುದಿಲ್ಲ. ಆದ್ದರಿಂದಲೇ ಈ ಹೊರೆ ಮುಖ್ಯೋಪಾಧ್ಯಾಯಿನಿ ಒಬ್ಬರ ಹೆಗಲಿಗೆ ಬೀಳದೆ ಇಡೀ ಧರ್ಮಕೇಂದ್ರದ್ದಾಗಬೇಕು.

6. ಬೆಟ್ಟದ ಮೇಲಿನ ಒಬ್ಬ ಗುರು

ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಇಟಲಿಯ ಗುರುವೊಬ್ಬರ ಕಥೆ ಹೇಳಬೇಕು. ಲೊರೆಂಜೊ ಮಿಲಾನಿ ಎಂಬ ಗುರುವನ್ನು 1954ರ ಡಿಸೆಂಬರಿನಲ್ಲಿ ಬಾರ್ಬಿಯಾನ ಎಂಬ ಬೆಟ್ಟದ ಕುಗ್ರಾಮಕ್ಕೆ ಕಳಿಸಲಾಯಿತು. ಚದುರಿದ ಕೆಲವು ರೈತರ ಮನೆಗಳು, ಒಂದು ಚಿಕ್ಕ ದೇವಾಲಯ, ಅಷ್ಟೇ. ಪೇಟೆಯ ಶಾಲೆಯಲ್ಲಿ ನಪಾಸಾಗಿ ಬಂದ ರೈತರ ಮಕ್ಕಳನ್ನು ಕೂಡಿಸಿ ಅವರು ತಮ್ಮ ಮನೆಯಲ್ಲೇ ಶಾಲೆ ಆರಂಭಿಸಿದರು. ವರ್ಷವಿಡೀ, ಬೆಳಗಿನಿಂದ ಸಂಜೆಯವರೆಗೆ ಪಾಠ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುತ್ತಿದ್ದರು. ಯಾರೂ ನಪಾಸಾಗುವಂತಿರಲಿಲ್ಲ; ಒಬ್ಬನಿಗೆ ಅರ್ಥವಾಗದಿದ್ದರೆ ಎಲ್ಲರೂ ನಿಲ್ಲುತ್ತಿದ್ದರು. ದಿನಪತ್ರಿಕೆ ಓದಿ ಚರ್ಚಿಸುವುದು ಮುಖ್ಯ ಪಾಠವಾಗಿತ್ತು.

1967ರಲ್ಲಿ ಅವರ ಎಂಟು ಮಂದಿ ಶಿಷ್ಯರು ಸೇರಿ ಶಿಕ್ಷಕಿಯೊಬ್ಬರಿಗೆ ಪತ್ರದ ರೂಪದಲ್ಲಿ ಒಂದು ಪುಸ್ತಕ ಬರೆದರು. ಸರ್ಕಾರದ ಅಂಕಿಅಂಶಗಳನ್ನು ತಾವೇ ಲೆಕ್ಕ ಹಾಕಿ, ಶಾಲೆ ಯಾರ ಮಕ್ಕಳನ್ನು ಉಳಿಸಿಕೊಳ್ಳುತ್ತದೆ, ಯಾರ ಮಕ್ಕಳನ್ನು ಹೊರಹಾಕುತ್ತದೆ ಎಂದು ತೋರಿಸಿಕೊಟ್ಟರು. ಸಮಾಜ ವಿಜ್ಞಾನಿಗಳು ಮಾಡುವ ಕೆಲಸವನ್ನು ನಪಾಸಾದ ಹಳ್ಳಿ ಹುಡುಗರೇ ಮಾಡಿದ್ದರು. ಪುಸ್ತಕ ಹೊರಬಂದ ಕೆಲವೇ ವಾರಗಳಲ್ಲಿ, ಜೂನ್ 26ರಂದು, ಮಿಲಾನಿ ತೀರಿಕೊಂಡರು. ಐವತ್ತು ವರ್ಷಗಳ ನಂತರ, 2017ರ ಜೂನ್ 20ರಂದು, ಜಗದ್ಗುರು ಫ್ರಾನ್ಸಿಸರು ಆ ಬೆಟ್ಟ ಹತ್ತಿ ಅವರ ಸಮಾಧಿಯ ಬಳಿ ಪ್ರಾರ್ಥಿಸಿದರು. ಮಿಲಾನಿಯವರ ಬಳಿ ಹಣವಿರಲಿಲ್ಲ. ಒಂದು ಕೋಣೆ, ಒಂದು ಮೇಜು, ಬಿಡುವಿಲ್ಲದ ಸಮಯ ಇದ್ದವು. ಇವು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ.

7. ನಾವೇನು ಮಾಡಬಹುದು?

ಮೊದಲನೆಯದು, ಎಣಿಸುವುದು. ಪ್ರತಿ ವಾಳೆಯ ಗುರಿಕಾರರು ತಮ್ಮ ವ್ಯಾಪ್ತಿಯ ತೋಟಗಳಲ್ಲಿ 6ರಿಂದ 14 ವರ್ಷದ ಮಕ್ಕಳೆಷ್ಟು, ಶಾಲೆಗೆ ಹೋಗುವವರೆಷ್ಟು ಎಂದು ಜಾತಿಮತ ನೋಡದೆ ಪಟ್ಟಿ ಮಾಡಲಿ. ತಿಳಿಯದ ನೋವಿಗೆ ಮದ್ದಿಲ್ಲ.

ಎರಡನೆಯದು, ಸೇರಿಸುವುದು. ಜನನ ಪತ್ರವಿಲ್ಲ, ವರ್ಗಾವಣೆ ಪತ್ರವಿಲ್ಲ, ವರ್ಷದ ನಡುವೆ ಬಂದರು ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕಿನ ಕಾಯ್ದೆ ಹೇಳುತ್ತದೆ. ಶಾಲೆಯನ್ನೇ ಕಾಣದ ಮಗುವನ್ನೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ಪಾಠ ಕೊಡಬೇಕು. ಅಸ್ಸಾಮಿನಿಂದ ಬಂದ ತಂದೆಗೆ ಇದು ಗೊತ್ತಿರುವುದಿಲ್ಲ. ಅವನೊಡನೆ ಶಾಲೆಯವರೆಗೆ ನಡೆದು ಹೋಗುವ ಒಬ್ಬರು ಸಾಕು.

ಮೂರನೆಯದು, ಕುಯ್ಲಿನ ತಿಂಗಳುಗಳಲ್ಲಿ ಕೈಕೂಸುಗಳ ವ್ಯವಸ್ಥೆ. ತೋಟವಿರುವ ನಮ್ಮ ಕುಟುಂಬಗಳು ಅಕ್ಕಪಕ್ಕದವರೊಡನೆ ಸೇರಿ ಒಬ್ಬ ಅಜ್ಜಿಗೆ ಕೂಲಿ ಕೊಟ್ಟು ಒಂದು ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಂಡರೆ ಆರನೆಯ ತರಗತಿಯ ಅಕ್ಕ ಶಾಲೆಗೆ ಹೋಗುತ್ತಾಳೆ. ಒಂದು ಶಾಲಾ ಕಟ್ಟಡಕ್ಕೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ. 

ನಾಲ್ಕನೆಯದು, ಸಂಜೆಯ ದೀಪ. ದೇವಾಲಯದ ಸಭಾಂಗಣ ವಾರದ ಬಹುಪಾಲು ಸಂಜೆ ಬೀಗ ಹಾಕಿರುತ್ತದೆ. ಅಲ್ಲಿ ಎರಡು ಗಂಟೆ ಬೆಳಕು, ಕೆಲವು ಪುಸ್ತಕ, ಯುವಸಂಘದ ಇಬ್ಬರು ಸದಸ್ಯರು ಇದ್ದರೆ ಮನೆಯಲ್ಲಿ ಓದಲು ಜಾಗವಿಲ್ಲದ ಮಕ್ಕಳಿಗೆ ಜಾಗವಾಯಿತು.

ಐದನೆಯದು, ದನಿ. ಸರ್ಕಾರಿ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂಬುದು ಕಾನೂನು. ತೋಟದ ತಾಯಿ ಆ ಸಭೆಗೆ ಬರಬೇಕಾದರೆ ಅಂದಿನ ಕೂಲಿ ಬಿಡಬೇಕು. ಸಭೆಯನ್ನು ರಜೆಯ ದಿನ ಇಡುವಂತೆ ಕೇಳೋಣ. ಸಭೆಯಿದ್ದ ದಿನ ಆಳಿಗೆ ಅರ್ಧ ದಿನದ ಬಿಡುವನ್ನು ಕೂಲಿ ಕಡಿಯದೆ ಕೊಡೋಣ. ಮತ ಕೇಳಲು ಬರುವವರನ್ನು ರಸ್ತೆಯ ಬಗ್ಗೆ ಕೇಳುವಂತೆಯೇ ಕನ್ನಡ ಶಾಲೆಯ ಶಿಕ್ಷಕರ ಹುದ್ದೆಯ ಬಗ್ಗೆಯೂ ಕೇಳೋಣ.

ಆರನೆಯದು, ನಮ್ಮ ಶಾಲೆಯ ಸ್ಥಾನಗಳು. ಧರ್ಮಕೇಂದ್ರದ ಪಾಲನಾ ಪರಿಷತ್ತು ದಾಖಲಾತಿ ಆರಂಭವಾಗುವ ಮೊದಲೇ ಕುಳಿತು, ಈ ವರ್ಷ ತೋಟದ ಕೂಲಿಯವರ ಎಷ್ಟು ಮಕ್ಕಳಿಗೆ ಸ್ಥಾನವಿಡುತ್ತೇವೆ, ಅವರ ಶುಲ್ಕವನ್ನು ಯಾರು ಭರಿಸುತ್ತಾರೆ ಎಂದು ನಿರ್ಧರಿಸಲಿ. ತಪಸ್ಸು ಕಾಲದ ಉಳಿತಾಯ, ಹಬ್ಬದ ಪಟಾಕಿಯ ಹಣ, ಒಳ್ಳೆಯ ಬೆಲೆ ಬಂದ ವರ್ಷದಲ್ಲಿ ಒಂದು ಚೀಲ ಕಾಫಿಯ ಮೊತ್ತ ಇದಕ್ಕೆ ಸಾಲಬಹುದು. ಸೇರಿಸಿಕೊಂಡ ಮಕ್ಕಳನ್ನು ಹಿಂದಿನ ಬೆಂಚಿಗೆ ಕಳಿಸದಿರುವುದೂ ಅಷ್ಟೇ ಮುಖ್ಯ. ಯಾರು ಶುಲ್ಕ ಕೊಟ್ಟವರು, ಯಾರು ಕೊಡದವರು ಎಂಬುದು ತರಗತಿಯಲ್ಲಿ ಯಾರಿಗೂ ತಿಳಿಯಬಾರದು.

ಕುಟುಂಬದಲ್ಲಿ, ವಾಳೆಯ ಕೂಟದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಅಥವಾ ತೋಟದಲ್ಲಿ ಕೆಲಸ ಮಾಡುವವರ ಮಕ್ಕಳ ಹೆಸರು ನಮಗೆ ಗೊತ್ತೇ? ಅವರು ಯಾವ ತರಗತಿಯಲ್ಲಿದ್ದಾರೆ?
2. ನಮ್ಮ ಮಕ್ಕಳು ಶಾಲೆಗೆ ಕೊಂಡೊಯ್ಯುವ 'ಕಾಣದ ಆಸ್ತಿ' ಯಾವುದು? ಅದನ್ನು ಇನ್ನೊಂದು ಮಗುವಿನೊಡನೆ ಹೇಗೆ ಹಂಚಿಕೊಳ್ಳಬಹುದು?
3. ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ, ಎಷ್ಟು ಶಿಕ್ಷಕರಿದ್ದಾರೆ? ಅದಕ್ಕಾಗಿ ಕೊನೆಯ ಬಾರಿ ದನಿ ಎತ್ತಿದವರು ಯಾರು?
4. ಸಂತ ಯಕೋಬರು ಇಂದು ನಮ್ಮ ಶಾಲೆಯ ದಾಖಲಾತಿ ಕೊಠಡಿಗೆ ಬಂದರೆ ಏನನ್ನು ಗಮನಿಸುತ್ತಾರೆ?

ಪ್ರಾರ್ಥನೆ

ಪ್ರಭುವೇ, ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದವರು ನೀವು. ದುಡಿಯುವ ಕೈಗಳ ಒರಟುತನ ನಿಮಗೆ ಗೊತ್ತು. ನಮ್ಮ ಮಕ್ಕಳಿಗೆ ನೀವು ಕೊಟ್ಟ ಓದಿಗಾಗಿ ನಿಮಗೆ ವಂದನೆ. ನಮ್ಮ ಗುಡ್ಡಗಳ ಲೈನುಮನೆಗಳಲ್ಲಿ ಕೂಸನ್ನು ತೂಗುತ್ತಾ ಕುಳಿತಿರುವ ಮಗುವಿಗೂ ಪುಸ್ತಕ, ಬೆಳಕು, ಕುಳಿತುಕೊಳ್ಳಲು ಒಂದು ಜಾಗ ಸಿಗುವಂತೆ ಮಾಡಿ. ಆ ಜಾಗವನ್ನು ಬಿಟ್ಟುಕೊಡುವ ಮನಸ್ಸನ್ನು ನಮಗೆ ಕೊಡಿ. ಆಮೆನ್.